ಕೆಂಡವನ್ನು ನೆಂಟರ ಮನೆಗೆ ಕಳಿಸಿದವಳು

ಭೂಗೋಳದ ದಕ್ಷಿಣ ತುದಿಯ ಕೊಯಾಯ್ಕೆ ಊರಿಗೆ ಜೂನ್ ಎಂದರೆ ನಡುಚಳಿಗಾಲ, ಬೆಳಗು ಬಲು ಸೋಮಾರಿ. ಜನ ಎದ್ದು, ಒಲೆ ಹೊತ್ತಿಸಿ, ಒಂದು ಸುತ್ತು ಮಾಟೆ ಕಷಾಯ ಹೀರಿ ಮುಗಿಸಿದರೂ ಅದು ಬೆಟ್ಟದ ಹಿಂದೆ ಮುದುರಿಕೊಂಡೇ ಇರುತ್ತದೆ. ನ್ಯಿರೆ ಬೀದಿಯ ತಗಡಿನ ಛಾವಣಿಗಳ ಮೇಲೆ ಇಬ್ಬನಿ ಗಟ್ಟಿಯಾಗಿ ಉಪ್ಪು ಚೆಲ್ಲಿದ ಹಾಗೆ ಕಾಣುತ್ತಿದೆ. ಅಂಥದೊಂದು ಛಾವಣಿಯ ಮೇಲೆ ಎದುವಿನಾ ನಾವೆಲ್ಕಿನ್ ಮಂಡಿಯೂರಿ ಮೇಲಕ್ಕೆ ಹತ್ತುತ್ತಿದ್ದಾಳೆ. ಸೊಂಟಕ್ಕೆ ಹಗ್ಗ, ಹೆಗಲಿಗೆ ತಂತಿಯ ಕುಂಚ, ಜೇಬಿನಲ್ಲಿ ಬೂದಿ. ಒಂದು ಹಿಡಿ ಬೂದಿಯನ್ನು ಮುಂದಕ್ಕೆ ಎರಚುತ್ತಾಳೆ, ಅದರ ಮೇಲೆ ಮಂಡಿಯಿಡುತ್ತಾಳೆ, ಮತ್ತೆ ಎರಚುತ್ತಾಳೆ. ಬೂದಿ ಬಿದ್ದ ಕಡೆ ಮಂಡಿ ಜಾರುವುದಿಲ್ಲ.

ಆ ಮನೆ ಸೌದೆ ಮಾರುವ ದೋನ್ ಎಲಿಯೆಸೆರನದು. ಇಲ್ಲಿ ಮರ್ಯಾದೆಗೆ ಗಂಡಸರನ್ನು ದೋನ್, ಹೆಂಗಸರನ್ನು ದೋನ್ಯಾ ಎನ್ನುತ್ತಾರೆ. ಆತ ಅಂಗಳದಲ್ಲಿ ನಿಂತು ಕತ್ತೆತ್ತಿ ಕೂಗುತ್ತಾನೆ:

"ದೋನ್ಯಾ ಎದುವಿನಾ, ಬೀಳೋದಾದ್ರೆ ಆ ಕಡೆ ಬೀಳಿ! ಈ ಕಡೆ ಬೇಲಿಗೆ ಹೊಸ ಬಣ್ಣ ಬಳಿದಿದೀನಿ."

"ನಾನು ಬಿದ್ರೆ ನಿಮ್ಮ ಸೌದೆ ರಾಶಿ ಮೇಲೇ ಬೀಳೋದು. ಅಷ್ಟು ಒದ್ದೆ ಇದೆ, ಹಾಸಿಗೆ ಥರ ಹಿಡ್ಕೊಳ್ಳುತ್ತೆ."

"ಒಣಗಿದ್ದೇ ಕಣ್ರೀ ಅದು! ಹೋದ ವಾರದಿಂದ ಮಳೆನೇ ಬಿದ್ದಿಲ್ಲ."

ಎದುವಿನಾ ಹೊಗೆಕೊಳವೆಯ ಟೋಪಿ ಬಿಚ್ಚಿ ಪಕ್ಕಕ್ಕಿಡುತ್ತಾಳೆ, ಗುಂಡು ಕಟ್ಟಿದ ಕುಂಚವನ್ನು ಒಳಗೆ ಇಳಿಬಿಡುತ್ತಾಳೆ. ಮೇಲಕ್ಕೆ ಎಳೆದು ಕೆಳಕ್ಕೆ ಬಿಟ್ಟಾಗೆಲ್ಲ ಒಳಗಿಂದ ಒಣ ಕೆಮ್ಮಿನಂಥ ಸದ್ದು. ಕೊನೆಗೆ ಕೊಳವೆಯೊಳಕ್ಕೆ ಕನ್ನಡಿ ಹಿಡಿದು ಬೆಳಕು ಬಿಟ್ಟು ನೋಡುತ್ತಾಳೆ. ಕೆಳಗಿನವರೆಗೂ ಕಂಡರೆ ಕೆಲಸ ಮುಗಿಯಿತು. ಕಾಣದಿದ್ದರೆ ಇನ್ನೊಂದು ಸುತ್ತು.

ಐವತ್ತಮೂರರ ಈ ಹೆಂಗಸು ಚಳಿಗಾಲದ ದಿನಕ್ಕೆ ಮೂರು ಮನೆಯ ಹೊಗೆಕೊಳವೆ ಉಜ್ಜುತ್ತಾಳೆ, ಮೈಯಲ್ಲಿ ಬಲವಿದ್ದ ದಿನ ನಾಲ್ಕು. ಊರಲ್ಲಿ ಈ ಕೆಲಸಕ್ಕೆ ಗಂಡಸರೂ ಇದ್ದಾರೆ. ಆದರೆ ಅವರು ಇಬ್ಬನಿ ಕರಗಲಿ ಎಂದು ಮಧ್ಯಾಹ್ನದವರೆಗೆ ಕಾಯುತ್ತಾರೆ. ಎದುವಿನಾ ಕಾಯುವುದಿಲ್ಲ. ಬೆಳಗ್ಗೆ ಒಲೆ ಆರಿಸಿಕೊಂಡು ಕೂತವರನ್ನು ಮಧ್ಯಾಹ್ನದವರೆಗೆ ಚಳಿಯಲ್ಲಿ ನಡುಗಿಸುವುದು ನ್ಯಾಯವಲ್ಲ ಎನ್ನುವುದು ಅವಳ ಲೆಕ್ಕ.

ಕೆಲಸ ಕಲಿತದ್ದು ಹಟದಿಂದ. ಗಂಡ ಛಾವಣಿಗೆ ತಗಡು ಹೊದಿಸುವವನಾಗಿದ್ದ. ಒಂದು ವಸಂತದಲ್ಲಿ ಕುರಿಯ ಉಣ್ಣೆ ಕತ್ತರಿಸಲು ಗಡಿಯಾಚೆ ಅರ್ಜೆಂಟೀನಾಕ್ಕೆ ಹೋದ, ಹೋದವನು ಅಲ್ಲೇ ಉಳಿದ. "ಬಿಟ್ಟು ಹೋಗಿದ್ದು ಎರಡೇ, ಒಂದು ಮಗಳು, ಒಂದು ಏಣಿ," ಎಂದು ಎದುವಿನಾ ನಗುತ್ತಾಳೆ. "ಮಗಳು ಇನ್ನೂ ಹಾಲು ಕುಡಿಯೋ ಕೂಸು. ಸದ್ಯಕ್ಕೆ ಕೆಲಸಕ್ಕೆ ಬರ್ತಿದ್ದಿದ್ದು ಏಣಿನೇ." ಅದೇ ವರ್ಷ ಪಕ್ಕದ ಮನೆಯ ಹೊಗೆಕೊಳವೆಗೆ ಬೆಂಕಿ ಹತ್ತಿ ಛಾವಣಿ ಸುಟ್ಟುಹೋಯಿತು. ಬೆಂಕಿ ಆರಿಸಲು ಬಂದ ಮುದುಕರೊಬ್ಬರು, ವರ್ಷಕ್ಕೊಂದು ಸಲ ಉಜ್ಜಿಸಿದ್ದರೆ ಈ ಮನೆ ಉಳಿಯುತ್ತಿತ್ತು ಎಂದು ಗೊಣಗಿದ್ದನ್ನು ಎದುವಿನಾ ಕೇಳಿಸಿಕೊಂಡಳು. ಮರುದಿನವೇ ಆ ಮುದುಕರ ಬಾಗಿಲು ತಟ್ಟಿ, ಹೇಗೆ ಉಜ್ಜುವುದು ತೋರಿಸಿಕೊಡಿ ಎಂದಳು.

ಈ ಊರಿನ ಚಳಿಗಾಲದ ಹೊಗೆ ಎಂಥದ್ದು ಎಂದು ಈ ಊರಿನವರಿಗೆ ಹೇಳಬೇಕಿಲ್ಲ. ಬೆಟ್ಟಗಳ ನಡುವಿನ ಬಟ್ಟಲಲ್ಲಿ ಊರು, ಬಟ್ಟಲಿನ ಮೇಲೆ ಚಳಿಯ ಮುಚ್ಚಳ. ಗಾಳಿಯಿಲ್ಲದ ದಿನ ಮನೆಮನೆಯ ಒಲೆಯ ಹೊಗೆ ಎಲ್ಲಿಗೂ ಹೋಗದೆ ಬೀದಿಯಲ್ಲೇ ಕೂರುತ್ತದೆ. ಈಚೆಗೆ ಒಂದು ಬೆಳಗ್ಗೆ ಎದುವಿನಾಳ ಅಡುಗೆಮನೆಯ ರೇಡಿಯೋದಲ್ಲಿ, ಕಲುಷಿತ ಗಾಳಿಯಿಂದ ದೇಶಕ್ಕೆ ವರ್ಷಕ್ಕೆ ಎಷ್ಟು ನಷ್ಟ ಎಂದು ರಾಜಧಾನಿಯವರೊಬ್ಬರು ವಿವರಿಸುತ್ತಿದ್ದರು. ಆಸ್ಪತ್ರೆಯ ಖರ್ಚು, ಕೆಲಸಕ್ಕೆ ತಪ್ಪಿದ ದಿನಗಳು, ಅಕಾಲದಲ್ಲಿ ಸತ್ತವರ ದುಡಿಮೆ, ಎಲ್ಲ ಸೇರಿಸಿ ಒಂದು ದೊಡ್ಡ ಮೊತ್ತ ಹೇಳಿದರು. ಎದುವಿನಾ ಹಿಟ್ಟು ನಾದುತ್ತಾ ಪೂರ್ತಿ ಕೇಳಿದಳು.

"ಅವರು ಹೇಳಿದ್ದು ಸರಿ ಇರ್ಬೇಕು. ಆದ್ರೆ ಅಷ್ಟು ಸೊನ್ನೆ ನನ್ನ ತಲೇಲಿ ಹಿಡಿಯಲ್ಲ," ಎನ್ನುತ್ತಾಳೆ. "ನಂಗೆ ಕಾಣೋದು ನಮ್ಮ ಯಾಸ್ನಾ."

ಮಗಳು ಯಾಸ್ನಾ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಹೊಗೆ ಕವಿದ ವಾರ ಬಂತೆಂದರೆ ಉಬ್ಬಸದವರು, ಎದೆನೋವಿನವರು, ಏದುಸಿರು ಬಿಡುವ ಕೂಸುಗಳು ಬಂದು ವಾರ್ಡು ತುಂಬುತ್ತದೆ. ಒಗೆಯಲು ಬರುವ ಹಾಸಿಗೆ ಬಟ್ಟೆ ದುಪ್ಪಟ್ಟಾಗುತ್ತದೆ. ಅದೇ ವಾರ ಒಗೆಯುವ ಹೆಂಗಸರಲ್ಲಿ ಅರ್ಧ ಜನ ಕೆಲಸಕ್ಕೆ ಬಂದಿರುವುದಿಲ್ಲ. ಅವರ ಮಕ್ಕಳೂ ಕೆಮ್ಮುತ್ತಾ ಮನೆಯಲ್ಲಿರುತ್ತವೆ. ಬಾರದವರಿಗೆ ಆ ದಿನದ ಸಂಬಳ ಕಡಿತ. ಬಂದವರಿಗೆ ರಟ್ಟೆ ಉಳಿಯುವುದಿಲ್ಲ. "ದೇಶಕ್ಕೆ ನಷ್ಟ ಅಂದ್ರೆ ಇದೇ ಅಲ್ವಾ?" ಎಂದು ಎದುವಿನಾ ಕೇಳುತ್ತಾಳೆ. "ದೇಶ ಅಂದ್ರೆ ಬೇರೆ ಯಾರೋ ಅಲ್ಲ. ಇದೇ ಬೀದಿ ನೂರು ಸಲ, ಸಾವಿರ ಸಲ."

ಯಾಸ್ನಾಳ ಮಗಳು ರಾಯೆನ್‌ಗೆ ಮೂರು ವರ್ಷ. ಬೀದಿಯ ಕೊನೆಯಲ್ಲಿರುವ 'ಚುಕಾವ್' ಶಿಶುವಿಹಾರಕ್ಕೆ ಹೋಗುತ್ತಾಳೆ. ಬೀದಿಯ ತಾಯಂದಿರಲ್ಲಿ ಮುಕ್ಕಾಲು ಪಾಲು ಜನ ದುಡಿಮೆಗೆ ಹೋಗುತ್ತಿರುವುದು ಈ ಚುಕಾವ್ ಇದೆಯೆಂದೇ. ಮೇ ತಿಂಗಳ ಕೊನೆಗೆ ಅಲ್ಲಿನ ಮುಖ್ಯಸ್ಥೆ, ಮಕ್ಕಳೆಲ್ಲ 'ತೀಯಾ', ಅಂದರೆ ಚಿಕ್ಕಮ್ಮ, ಎನ್ನುವ ಮಿರೇಯಾ ತಾಯಂದಿರನ್ನು ಕರೆದು ಕೂರಿಸಿದಳು. ಮಕ್ಕಳು ಕೆಮ್ಮು ಹತ್ತಿ ಮನೆಯಲ್ಲೇ ಉಳಿದು ಹಾಜರಿ ಬಿದ್ದುಹೋಗಿದೆ, ಕೋಣೆಗಳು ಅರ್ಧಕ್ಕಿಂತ ಹೆಚ್ಚು ಖಾಲಿ. ಜೂನ್ ಕೊನೆಯೊಳಗೆ ಮಕ್ಕಳು ಮರಳದಿದ್ದರೆ ಚಳಿಗಾಲಕ್ಕೆ ಚುಕಾವ್ ಮುಚ್ಚುತ್ತಾರೆ, ಮಕ್ಕಳನ್ನು ಊರಿನ ಇನ್ನೊಂದು ತುದಿಯ ಶಿಶುವಿಹಾರಕ್ಕೆ ಸೇರಿಸುತ್ತಾರೆ ಎಂದು ಮೇಲಿನ ಕಚೇರಿಯಿಂದ ಹೇಳಿಕೆ ಬಂದಿತ್ತು.

"ಅವರನ್ನ ಬೈದು ಪ್ರಯೋಜನ ಇಲ್ಲ," ಎಂದಳು ಮಿರೇಯಾ. "ಖಾಲಿ ಕೋಣೆ ಬಿಸಿ ಮಾಡೋಕೂ ದುಡ್ಡು ಬೇಕು. ಆ ದುಡ್ಡು ನಮ್ಮೆಲ್ಲರದೇ."

ಊರಿನ ಇನ್ನೊಂದು ತುದಿಗೆ ಮಗುವನ್ನು ಬಿಟ್ಟು ಬೆಳಗಿನ ಪಾಳಿಗೆ ಆಸ್ಪತ್ರೆ ಮುಟ್ಟುವುದು ಯಾಸ್ನಾಗೆ ಆಗದ ಮಾತು. ಮನೆಗೆ ಬಂದ ತಾಯಿ ಮಗಳ ನಡುವೆ ನಡೆದ ಮಾತು ಚಿಕ್ಕದು.

"ಚುಕಾವ್ ಮುಚ್ಚಿದ್ರೆ ನಾನು ಕೆಲಸ ಬಿಡ್ತೀನಿ ಅಮ್ಮಾ."

"ನಿನ್ನದು ತಿಂಗಳ ಸಂಬಳ. ಬಿಡೋದಾದ್ರೆ ನಾನು ಬಿಡಬೇಕು. ರಾಯೆನ್‌ನ ನೋಡ್ಕೊಂಡು ಮನೇಲಿರ್ತೀನಿ."

"ನೀನಾ? ಮನೇಲಾ? ಎರಡನೇ ದಿನಕ್ಕೇ ನಮ್ಮನೆ ಛಾವಣಿ ಹತ್ತಿ ಕೂತಿರ್ತೀಯ."

ಇಬ್ಬರೂ ನಕ್ಕರು. ಆದರೆ ಎದುವಿನಾ ಇಪ್ಪತ್ತೈದು ವರ್ಷ ಕಟ್ಟಿಕೊಂಡ ಕಸುಬು ಅದು. ಒಂದು ಚಳಿಗಾಲ ಕೈಬಿಟ್ಟರೆ ಗಿರಾಕಿಗಳು ಬೇರೆಯವರ ಪಾಲಾಗುತ್ತಾರೆ. ಮಗಳದೋ ತನ್ನದೋ, ಎರಡರಲ್ಲಿ ಒಂದು ದುಡಿಮೆ ಹೋಗುವುದು ಖಚಿತ. ಅದು ಹೋಗಬಾರದು ಎಂದು ಅವಳು ತೀರ್ಮಾನಿಸಿಕೊಂಡಳು.

ಮೊದಲು ಅವಳು ಮಾಡಿದ್ದು ತನಗೆ ಗೊತ್ತಿದ್ದನ್ನು. ಚುಕಾವ್ ಸುತ್ತಲಿನ ಮನೆಗಳ ಹೊಗೆಕೊಳವೆಗಳನ್ನು ಒಂದೊಂದಾಗಿ ಉಜ್ಜಿದಳು. ಕೊಡುವವರು ಕೊಟ್ಟರು, ಆಗದವರು ಕರಿದ ರೊಟ್ಟಿಯ ಪೊಟ್ಟಣ ಕೈಗಿಟ್ಟರು. ಉಜ್ಜಿ ಇಳಿದ ಮೇಲೆ ಪ್ರತಿ ಮನೆಯಲ್ಲೂ ಒಲೆಯ ಗಾಳಿಕಿಂಡಿ ಮುಟ್ಟಿ ತೋರಿಸಿ ಒಂದೇ ಮಾತು ಹೇಳಿದಳು: ಮಲಗುವಾಗ ಇದನ್ನು ಮುಚ್ಚಬೇಡಿ.

ಇಲ್ಲಿನವರಿಗೆ ಇದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ. ಬೆಳಗ್ಗೆ ಎದ್ದಾಗ ಒಲೆಯಲ್ಲಿ ಕೆಂಡ ಇರಬೇಕು. ಇಲ್ಲದ ಮನೆ ಮನೆಯೇ ಅಲ್ಲ. ಹಿಂದೆ ಹೊಲಮನೆಗಳ ತೆರೆದ ಒಲೆಯಲ್ಲಿ ಅಜ್ಜಿಯರು ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು. ಅದರಿಂದ ಹೊಗೆ ಏಳುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಕಬ್ಬಿಣದ ಒಲೆ ಬಂತು. ಬೂದಿ ಮುಚ್ಚುವ ಬದಲು ದಪ್ಪನೆಯ ಹಸಿ ಕೊರಡು ತುರುಕಿ, ಗಾಳಿಕಿಂಡಿ ಮುಚ್ಚಿ ಮಲಗುವುದು ರೂಢಿಯಾಯಿತು. ಉರಿಯಲೂ ಆಗದೆ ಆರಲೂ ಆಗದೆ ಕೊರಡು ಇರುಳಿಡೀ ಹೊಗೆ ಕಾರುತ್ತದೆ. ಸೌದೆ ಉಳಿಸಿದೆವು ಎಂದು ಮನೆಯವರು ನೆಮ್ಮದಿಯಿಂದ ನಿದ್ದೆ ಹೋಗುತ್ತಾರೆ. ಬೆಳಗ್ಗೆ ಎದ್ದು ಮಗುವಿಗೆ ಕೆಮ್ಮಿನ ಔಷಧಿ ತರಲು ಓಡುತ್ತಾರೆ. ಉಳಿಸಿದ್ದು ಒಂದು ಕೊರಡು, ಕಳೆದದ್ದು ಒಂದು ದಿನದ ದುಡಿಮೆ.

ಕೆಲವರು ಒಪ್ಪಿದರು, ಕೆಲವರು ಒಪ್ಪಿದಂತೆ ತಲೆಯಾಡಿಸಿದರು. ಚುಕಾವ್ ಅಂಗಳದಲ್ಲಿ ಮಾತ್ರ ಹೊಗೆ ತಗ್ಗಲಿಲ್ಲ. ಆಗ ಒಂದು ಬೆಳಗ್ಗೆ ಎದುವಿನಾ ಶಿಶುವಿಹಾರದ ಛಾವಣಿಯನ್ನೇ ಹತ್ತಿ ಕೂತಳು. ಉಜ್ಜಲು ಅಲ್ಲ, ನೋಡಲು. ಬೀದಿಯ ಒಂದೊಂದೇ ಮನೆ ಎಚ್ಚರಾಗಿ, ಹೊಗೆ ತೆಳ್ಳಗೆ ಮೇಲೇಳುತ್ತಿತ್ತು. ಒಂದು ಮನೆಯ ಹೊಗೆ ಮಾತ್ರ ಮೇಲೇಳಲಿಲ್ಲ. ಕಂದು ಬಣ್ಣದ ಮಂದ ಹೊಗೆ, ಉಕ್ಕಿದ ಗಂಜಿಯ ಹಾಗೆ ಕೊಳವೆಯ ಬಾಯಿಂದ ಇಳಿದು, ಛಾವಣಿಯ ಮೇಲೆ ಹರಿದು, ಬೇಲಿ ದಾಟಿ ನೇರ ಮಕ್ಕಳ ಅಂಗಳಕ್ಕೆ ಬಂದು ಕೂರುತ್ತಿತ್ತು.

ಅದು ದೋನ್ಯಾ ಒತೀಲಿಯಾಳ ಮನೆ. ಚುಕಾವ್‌ಗೆ ತಾಗಿದ ಗೋಡೆ.

ಒತೀಲಿಯಾಗೆ ಎಂಬತ್ತರ ಹತ್ತಿರ. ಕಾಯಿಲೆ ಬಿದ್ದು ಶಿಶುವಿಹಾರಕ್ಕೆ ಹೋಗಲಾರದ ಮಕ್ಕಳನ್ನು ಬೀದಿಯ ತಾಯಂದಿರು ಬಿಟ್ಟು ಹೋಗುವುದು ಅವಳ ಬಳಿಗೇ. ರಾಯೆನ್ ಕೂಡ ಮೇ ತಿಂಗಳಲ್ಲಿ ಅರ್ಧ ದಿನ ಚುಕಾವ್‌ನಲ್ಲಿ, ಅರ್ಧ ದಿನ ಒತೀಲಿಯಾಳ ಒಲೆಯ ಪಕ್ಕ ಕಳೆದಿದ್ದಳು. ಮಕ್ಕಳಿಗೆ ಚಳಿಯಾಗದಿರಲಿ ಎಂದು ಮುದುಕಿ ಒಲೆಗೆ ಕೊರಡು ತುರುಕಿ, ಕಿಂಡಿ ಮುಚ್ಚಿ, ಕೋಣೆ ಬೆಚ್ಚಗಿಡುತ್ತಿದ್ದಳು. ಆ ಒಲೆಯ ಹೊಗೆಯಿಂದಲೇ ಮಕ್ಕಳ ಕೆಮ್ಮು ವಾಸಿಯಾಗುತ್ತಿರಲಿಲ್ಲ. ಪಕ್ಕದ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳಿಗೂ ಕೆಮ್ಮು ಹತ್ತುತ್ತಿತ್ತು. ಅವರೂ ಆಮೇಲೆ ಇವಳ ಬಳಿಗೇ ಬರುತ್ತಿದ್ದರು.

ರಾಯೆನ್‌ಳ ಉಣ್ಣೆಯ ಟೋಪಿ ಎಷ್ಟೋ ದಿನ ಮಸಿಯ ವಾಸನೆ ಹೊಡೆಯುತ್ತಿದ್ದುದು ಎದುವಿನಾಗೆ ಗೊತ್ತಿತ್ತು. ಒತೀಲಿಯಾ ಮನೆಯ ಕೊಳವೆ ಯಾವತ್ತೂ ಉಜ್ಜಿಸಿಕೊಂಡಿಲ್ಲ ಎನ್ನುವುದೂ ಗೊತ್ತಿತ್ತು. ಯಾರೂ ಬಾಯಿಬಿಟ್ಟಿರಲಿಲ್ಲ, ಅಷ್ಟೇ. "ಅವರ ಬಾಯಿಗೆ ಹೆದರಿ ಅಲ್ಲ," ಎನ್ನುತ್ತಾಳೆ ಎದುವಿನಾ. "ಅವರ ಮಡಿಲು ತಪ್ಪಿದ್ರೆ ಮಕ್ಕಳನ್ನ ಎಲ್ಲಿ ಬಿಡೋದು ಅಂತ ಹೆದರಿಕೆ."

ಅವತ್ತೇ ಸಂಜೆ ಅವಳು ಒತೀಲಿಯಾಳ ಬಾಗಿಲು ತಟ್ಟಿದಳು. ಮುದುಕಿ ಮಾಟೆ ಹೀರುವ ಸೋರೆ ಬುರುಡೆಗೆ ಬಿಸಿನೀರು ಸುರಿದು ಕೈಗಿತ್ತಳು. ಎದುವಿನಾಳ ಕಣ್ಣು ಕೊಳವೆಯ ಕಡೆ ಹೋದದ್ದನ್ನು ನೋಡಿ ಅಲ್ಲೇ ತಡೆದಳು.

"ನೋಡಬೇಡ. ನನ್ನ ಬೆಂಕಿ ಆರಿಸೋಕೆ ಬಂದಿದ್ರೆ ಮಾಟೆ ಕುಡಿದು ಎದ್ದು ಹೋಗು."

"ಕೊಳವೆ ಕಟ್ಟಿಕೊಂಡಿದೆ ದೋನ್ಯಾ. ಹೊಗೆ ಪೂರ್ತಿ ಮಕ್ಕಳ ಅಂಗಳಕ್ಕೆ ಇಳೀತಿದೆ."

"ನನ್ನ ಹೊಗೇನಾ? ಈ ಊರಲ್ಲಿ ಹೊಗೆ ಬಿಡೋಳು ನಾನೊಬ್ಳೇನಾ? ಹೋಗು, ಎಲಿಯೆಸೆರನ ಮನೆ ನೋಡು."

"ಅವರದು ಉಜ್ಜಿ ಆಯ್ತು. ಎಲ್ಲರದೂ ಆಯ್ತು. ಉಳಿದಿರೋದು ನಿಮ್ಮದೇ."

"ಉಳೀಲಿ. ಉಜ್ಜಬೇಕಂದ್ರೆ ಒಲೆ ತಣ್ಣಗಾಗಬೇಕು. ಈ ಬೆಂಕಿ ಆರಲ್ಲ ಕಣೇ ಹುಡುಗಿ. ನನ್ನ ಅತ್ತೆ ಕೊಟ್ಟ ಬೆಂಕಿ ಇದು."

ಬೀದಿಯವರಿಗೆ ಗೊತ್ತಿರುವ ಕಥೆಯೇ. ಮದುವೆಯಾಗಿ ಹೊಸ ಮನೆ ಹೂಡಲು ಒತೀಲಿಯಾ ಕಣಿವೆಯ ಹೊಲಮನೆಯಿಂದ ಎತ್ತಿನ ಗಾಡಿಯಲ್ಲಿ ಹೊರಟಾಗ, ಅವಳ ಅತ್ತೆ ತಮ್ಮ ಒಲೆಯ ಕೆಂಡವನ್ನು ಕಬ್ಬಿಣದ ಮಡಕೆಯಲ್ಲಿ ಬೂದಿ ತುಂಬಿ ಹುದುಗಿಸಿ ಕೊಟ್ಟಿದ್ದಳು. ದಾರಿಯುದ್ದಕ್ಕೂ ಮದುಮಗಳು ಆ ಮಡಕೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಿದ್ದಳು. ಗಂಡ ಹೋದ, ಮಕ್ಕಳು ಚದುರಿದರು, ಒಲೆಗಳು ಎರಡು ಸಲ ಬದಲಾದವು. ಆ ಕೆಂಡ ಮಾತ್ರ ಆರಲಿಲ್ಲ.

ಎದುವಿನಾ ಎರಡನೇ ಸುತ್ತು ಮಾಟೆ ಹೀರಿದಳು, ಮೂರನೆಯದನ್ನೂ ಹೀರಿದಳು. ಕೊನೆಗೆ ಕೇಳಿದಳು:

"ಆ ಮಡಕೆ ಈಗ ಎಲ್ಲಿದೆ ದೋನ್ಯಾ?"

"ಮಡಕೆ ಯಾಕೆ ನಿಂಗೆ? ಹಿತ್ತಲಲ್ಲಿ ಕೋಳಿಗಳು ಅದರಲ್ಲಿ ನೀರು ಕುಡೀತಾವೆ."

"ತೊಳೆದು ಕೊಡಿ. ನಿಮ್ಮ ಬೆಂಕೀನ ಒಂದು ಹೊತ್ತು ನಮ್ಮನೆಗೆ ನೆಂಟರ ಹಾಗೆ ಕಳಿಸಿ. ಗಾಡೀಲಿ ಬಂದದ್ದು, ಬೀದಿ ದಾಟೋಕಾಗಲ್ವಾ? ನಾನು ಕೊಳವೆ ಉಜ್ಜಿ ಮುಗಿಸೋವರೆಗೆ ನಮ್ಮ ಒಲೇಲಿ ಇರಲಿ. ನೀವೂ ಬನ್ನಿ, ಪಕ್ಕದಲ್ಲೇ ಕೂತು ಕಾಯಿರಿ."

ಮುದುಕಿ ಒಲೆಯ ಬಾಗಿಲು ತೆರೆದು ಕೆಂಡ ಕೆದಕಿದಳು. ಆಮೇಲೆ ಬಂದ ಮಾತು ಬೇರೆಯೇ ಆಗಿತ್ತು.

"ಮಕ್ಕಳು ಎಲ್ಲಾ ಹುಷಾರಾಗಿ ಚುಕಾವ್‌ಗೆ ಹೋದ್ರೆ, ನನ್ನ ಹತ್ರ ಯಾರು ಬರ್ತಾರೆ?"

ಮುದುಕಿಗೆ ತಾಯಂದಿರು ಕೊಡುತ್ತಿದ್ದ ಚೂರುಪಾರು ಹಣದ ಚಿಂತೆ ಒಂದಾದರೆ, ಮನೆಯಲ್ಲಿ ಮಕ್ಕಳ ಸದ್ದು ಇಲ್ಲದ ದಿನಗಳ ಚಿಂತೆ ಇನ್ನೊಂದು. ಅದು ಸುಳ್ಳು ಹೇಳಿ ದಾಟುವ ಪ್ರಶ್ನೆಯಲ್ಲ.

"ಕಾಯಿಲೆ ಮಕ್ಕಳು ಬರಲ್ಲ, ನಿಜ," ಎಂದಳು ಎದುವಿನಾ. "ಆದ್ರೆ ಚುಕಾವ್ ನಾಲ್ಕು ಗಂಟೆಗೆ ಬಿಡುತ್ತೆ, ಯಾಸ್ನಾ ಬರೋದು ಆರಕ್ಕೆ. ಅವಳ ಹಾಗೆ ಇನ್ನೂ ಎಷ್ಟೋ ಜನ ಇದಾರೆ. ಆ ಎರಡು ಗಂಟೆ ಮಕ್ಕಳನ್ನ ನೋಡ್ಕೊಳ್ಳೋಕೆ ಜನ ಬೇಕು. ಹುಷಾರಾಗಿರೋ ಮಕ್ಕಳು. ಮನೆ ಕಿತ್ತು ಹಾಕ್ತಾವೆ, ನೋಡ್ಕೊಳ್ಳಿ."

"ಕಿತ್ತು ಹಾಕಲಿ," ಎಂದಳು ಒತೀಲಿಯಾ. "ಮಲಗಿ ನರಳೋದನ್ನ ನೋಡಿ ನೋಡಿ ನಂಗೂ ಸಾಕಾಗಿದೆ."

ಶನಿವಾರ ಬೆಳಗ್ಗೆ ನ್ಯಿರೆ ಬೀದಿ ಒಂದು ವಿಚಿತ್ರ ಮೆರವಣಿಗೆ ನೋಡಿತು. ಮುಂದೆ ಎದುವಿನಾ, ಎರಡು ಕೈಯಲ್ಲೂ ದಪ್ಪ ಚರ್ಮದ ಕೈಗವಸು ತೊಟ್ಟು ಕಬ್ಬಿಣದ ಮಡಕೆ ಹಿಡಿದಿದ್ದಾಳೆ. ಪಕ್ಕದಲ್ಲಿ ಒತೀಲಿಯಾ, ತಲೆಗೆ ಭಾನುವಾರದ ಶಾಲು. ಹೆಜ್ಜೆಗೊಮ್ಮೆ "ಮೆಲ್ಲಗೆ, ಮೆಲ್ಲಗೆ, ಅಲುಗಿಸಬೇಡ" ಎಂದು ಗದರುತ್ತಿದ್ದಾಳೆ. ಬೇಲಿಯಾಚೆ ನಿಂತ ಎಲಿಯೆಸೆರ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಯಾರು ತೀರಿಕೊಂಡ್ರು ದೋನ್ಯಾ ಒತೀಲಿಯಾ?"

"ಯಾರೂ ಇಲ್ಲ. ನೀನು ಇನ್ನೂ ಹಸಿ ಸೌದೆ ಮಾರ್ತಾ ಇದ್ರೆ ಬೇಗ ನಿನ್ನ ಸರದಿನೇ ಬರುತ್ತೆ."

ಎದುವಿನಾಳ ಒಲೆಯಲ್ಲಿ ಕೆಂಡವನ್ನು ಸುರಿದು ಒಣ ಚಕ್ಕೆ ಇಟ್ಟಾಗ ಅದು ಚುರುಕಾಗಿ ಹೊತ್ತಿಕೊಂಡಿತು. ಮುದುಕಿ ಕುರ್ಚಿ ಎಳೆದು ಅದರ ಮುಂದೆ ಕೂತಳು. ರಾಯೆನ್ ಅವಳ ಕಾಲ ಬಳಿ ಕೂತಳು. ಎದುವಿನಾ ಏಣಿ ಹೊತ್ತು ಹೊರಟಳು.

ಒತೀಲಿಯಾಳ ಒಲೆ ತಣ್ಣಗಾಗಲು ಕಾದು, ಛಾವಣಿ ಹತ್ತಿ ಟೋಪಿ ತೆಗೆದಾಗ ಕಂಡದ್ದು ಕೊಳವೆಯಲ್ಲ, ಕಗ್ಗಲ್ಲು. ಹೊಗೆಯ ಜಿಡ್ಡು ವರ್ಷದ ಮೇಲೆ ವರ್ಷ ಕೂತು ಡಾಂಬರಿನ ಹಾಗೆ ಗಟ್ಟಿಯಾಗಿತ್ತು. ನಡುವೆ ಉಳಿದ ತೂತಿನಲ್ಲಿ ಅವಳ ಮುಷ್ಟಿಯೂ ಹೋಗಲಿಲ್ಲ. ಕುಂಚ ಅದರ ಮುಂದೆ ಸೋತಿತು. ಕಬ್ಬಿಣದ ಸಲಾಕೆಯಿಂದ ಕುಟ್ಟಿ ಕುಟ್ಟಿ ತುಂಡು ತುಂಡಾಗಿ ಬೀಳಿಸಬೇಕಾಯಿತು. ಇನ್ನೊಂದು ಚಳಿಗಾಲ ಹೀಗೇ ಬಿಟ್ಟಿದ್ದರೆ ಕೊಳವೆಗೇ ಬೆಂಕಿ ಹತ್ತುತ್ತಿತ್ತು. ಮರದ ಗೋಡೆಯ ಆ ಮನೆ, ತಾಗಿಕೊಂಡೇ ಇದ್ದ ಮಕ್ಕಳ ಕೋಣೆಗಳು, ಯಾವುದೂ ಉಳಿಯುತ್ತಿರಲಿಲ್ಲ. ಅದನ್ನು ಎದುವಿನಾ ಯಾರಿಗೂ ಹೇಳಲಿಲ್ಲ. ಮಸಿ ತುಂಬಿದ ಗೋಣಿಗಳನ್ನು ಮಾತ್ರ ಒತೀಲಿಯಾಳ ಬಾಗಿಲ ಮುಂದೆ ಸಾಲಾಗಿ ಇಟ್ಟಳು. ಮುದುಕಿ ಬಂದು ಅವನ್ನು ನೋಡಿದಳು, ಒಂದರ ಬಾಯಿ ಬಿಡಿಸಿ ಮೂಸಿದಳು.

"ಇಷ್ಟು ನನ್ನ ಮನೇಲಿತ್ತಾ?"

"ಇಷ್ಟು ಕೊಳವೇಲಿ ಉಳಿದದ್ದು ದೋನ್ಯಾ."

ಮುದುಕಿ ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು. ಉಳಿಯದೆ ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. "ನನ್ನ ಬೆಂಕಿ ತಂದುಕೊಡು, ಚಳಿ ಆಗ್ತಿದೆ," ಎಂದಳು.

ಅಂದಿನಿಂದ ಒತೀಲಿಯಾಳ ಬೆಂಕಿಗೆ ಹೊಸ ದಿನಚರಿ ಬಂದಿದೆ. ನಿಜ ಹೇಳಬೇಕೆಂದರೆ ಅದು ಹಳೆಯ ದಿನಚರಿಯೇ. ಸಂಜೆ ಒಣ ಸೌದೆಯಲ್ಲಿ ಒಲೆ ಧಗಧಗ ಉರಿದು ಮನೆ ಬೆಚ್ಚಗಾಗುತ್ತದೆ, ಗಾಳಿಕಿಂಡಿ ತೆರೆದೇ ಇರುತ್ತದೆ. ಮಲಗುವ ಮುಂಚೆ ನಾಲ್ಕು ಕೆಂಡ ಮಡಕೆಯ ಬೂದಿಯೊಳಗೆ ಹೋಗುತ್ತವೆ. ಮಡಕೆ ಮನೆಯೊಳಗೆ ಇರಕೂಡದು, ಕೆಂಡದ ಆವಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ ಎಂದು ಎದುವಿನಾ ಕಟ್ಟಪ್ಪಣೆ ಮಾಡಿದ್ದಾಳೆ. ಅದಕ್ಕೆ ಹಿತ್ತಲ ಕಲ್ಲುಕಟ್ಟೆಯ ಮೇಲೆ ಜಾಗ. ಬೆಳಗ್ಗೆ ಬೂದಿ ಕೆದಕಿದರೆ ಕೆಂಪು ಕಣ್ಣು ಬಿಡುತ್ತದೆ. "ಬೆಳಗಿನ ಜಾವ ಮೂಗು ತಣ್ಣಗಾಗುತ್ತೆ," ಎಂದು ಮುದುಕಿ ದೂರುವುದು ತಪ್ಪಿಲ್ಲ. ಯಾಸ್ನಾ ಇನ್ನೊಂದು ಉಣ್ಣೆಯ ಹೊದಿಕೆ ತಂದುಕೊಟ್ಟಿದ್ದಾಳೆ.

ಒಣ ಸೌದೆ ಹುಡುಕುವುದು ಇನ್ನೊಂದು ಕಷ್ಟವಾಗಿತ್ತು. ಜೂನ್‌ನಲ್ಲಿ ಪೇಟೆಗೆ ಬರುವುದೆಲ್ಲ ಹಸಿ. ಎದುವಿನಾ ಎಲಿಯೆಸೆರನ ಅಂಗಳಕ್ಕೆ ಹೋಗಿ ಎರಡು ಕೊರಡು ಎತ್ತಿ ಒಂದಕ್ಕೊಂದು ಬಡಿದಳು. ಹಸಿ ಸೌದೆ ದಬ್ ಎನ್ನುತ್ತದೆ, ಒಣಗಿದ್ದು ಟಣ್ ಎನ್ನುತ್ತದೆ. ರಾಶಿಯಲ್ಲಿ ಎಲ್ಲಿ ಬಡಿದರೂ ದಬ್ ದಬ್.

"ಇದು ಮಾರೋಕೆ," ಎಂದ ಎಲಿಯೆಸೆರ್, ಮುಖ ಬೇರೆ ಕಡೆ ತಿರುಗಿಸಿ.

"ನಿಮ್ಮನೆ ಒಲೆಗೆ ಹಾಕೋದು?"

ಆತ ಬೇಲಿಯ ಹೊಸ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಹಿಂದಿನ ಕೊಟ್ಟಿಗೆಯ ಬೀಗ ತೆಗೆದ. ಎರಡು ಬೇಸಿಗೆ ಕಂಡ ಲೆಂಗಾ ಮರದ ಸೌದೆ ಒಳಗೆ ಸೂರಿನವರೆಗೆ ಪೇರಿಸಿತ್ತು. ಅದರಲ್ಲಿ ಒಂದು ಗಾಡಿ ಒತೀಲಿಯಾಳ ಹಿತ್ತಲಿಗೆ ಹೋಯಿತು. ಕ್ರಯವನ್ನು ತಾಯಂದಿರು ಹಂಚಿಕೊಂಡರು. ಅದೇನೂ ದಾನವಲ್ಲ. ಒಂದು ದಿನದ ಕೂಲಿ ತಪ್ಪುವುದಕ್ಕಿಂತ ಒಂದು ಹೊರೆ ಸೌದೆ ಅಗ್ಗ ಎಂದು ಯಾಸ್ನಾ ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದಳು. ಅವಳ ಜೊತೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗಂತೂ ಈ ಲೆಕ್ಕವನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಊರಿನ ಹೊಗೆ ಕರಗಿಹೋಯಿತು ಎಂದು ಹೇಳುವಂತಿಲ್ಲ. ಗಾಳಿ ನಿಂತ ದಿನ ಎದುರಿನ ಬೆಟ್ಟ ಈಗಲೂ ಕಾಣುವುದಿಲ್ಲ. ಆದರೆ ಚುಕಾವ್ ಅಂಗಳಕ್ಕೆ ಇಳಿಯುತ್ತಿದ್ದ ಕಂದು ಗಂಜಿ ನಿಂತಿದೆ. ಜೂನ್‌ನ ಕೊನೆಯ ವಾರಗಳಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮರಳಿದರು. ಮೊದಲು ಬಂದದ್ದು ಒತೀಲಿಯಾಳ ಒಲೆಯ ಪಕ್ಕ ಮಲಗಿರುತ್ತಿದ್ದವರೇ. ರಾಯೆನ್ ಒಂದು ಸೋಮವಾರ ಹೋದಳು, ಮಂಗಳವಾರವೂ ಹೋದಳು. ಬುಧವಾರ ಸಣ್ಣಗೆ ಕೆಮ್ಮಿದಾಗ ಯಾಸ್ನಾ ಬಾಗಿಲಲ್ಲಿ ಹೆದರಿ ನಿಂತಳು.

"ಮನೇಲಿ ಇರಿಸಲಾ ಅಮ್ಮಾ?"

"ಜ್ವರ ಇಲ್ಲ, ಎದೆಯಲ್ಲಿ ಗೊರಗೊರ ಇಲ್ಲ. ಗಂಟಲಿಗೆ ರೊಟ್ಟಿ ಸಿಕ್ಕಿದೆ ಅಷ್ಟೇ. ನೀನು ನಡಿ, ಬಸ್ಸು ತಪ್ಪುತ್ತೆ."

ಆ ವಾರ ಪೂರ್ತಿ ರಾಯೆನ್ ಚುಕಾವ್ ತಪ್ಪಿಸಲಿಲ್ಲ, ಯಾಸ್ನಾ ಕೆಲಸ ತಪ್ಪಿಸಲಿಲ್ಲ.

ತಿಂಗಳ ಕೊನೆಯ ಶುಕ್ರವಾರ ಮೇಲಿನ ಕಚೇರಿಯ ಮಾತು ಬಂತು. ತೀಯಾ ಮಿರೇಯಾ ಅದನ್ನು ಹೇಳಲು ಯಾರಿಗೂ ಕಾಯದೆ, ಕೆಲಸದ ಮೇಲಂಗಿಯಲ್ಲೇ ಬೀದಿಗೆ ಬಂದಳು. ಎದುವಿನಾ ಆಗ ಎದುರು ಮನೆಯ ಛಾವಣಿಯ ಮೇಲಿದ್ದಳು.

"ದೋನ್ಯಾ ಎದುವಿನಾ! ಈ ಚಳಿಗಾಲಕ್ಕೆ ಮುಚ್ಚಲ್ವಂತೆ!"

"ಮುಂದಿನದಕ್ಕೆ?"

"ಮುಂದಿನ ವರ್ಷ ಮತ್ತೆ ನೋಡ್ತಾರಂತೆ."

ಛಾವಣಿಯ ಮೇಲಿನ ಹೆಂಗಸು ಕುಂಚದ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಆಮೇಲೆ, "ನೋಡಲಿ. ನಾವೂ ನೋಡೋಣ," ಎಂದು ಮತ್ತೆ ಕುಂಚ ಇಳಿಬಿಟ್ಟಳು.

ಈಗ ಅವಳು ಪಕ್ಕದ ಬೀದಿಗೆ ದಾಟಿದ್ದಾಳೆ. ಅಲ್ಲೂ ಆರಬಾರದ ಕೆಂಡಗಳಿವೆ, ಹೆಸರು ಹಿಡಿದು ಕರೆಯುವ ಒಲೆಗಳಿವೆ. ಮಡಕೆಯ ಉಪಾಯ ಅವಳಿಗಿಂತ ಮುಂಚೆ ಅಲ್ಲಿಗೆ ತಲುಪಿದೆ. ಅದನ್ನು ಹರಡಿದ್ದು ಒತೀಲಿಯಾ. ತನ್ನ ಬೆಂಕಿ ನೆಂಟರ ಮನೆಗೆ ಹೋಗಿ ಬಂದ ಕಥೆಯನ್ನು ಅವಳು ಚರ್ಚಿನ ಬಾಗಿಲಲ್ಲಿ, ರೊಟ್ಟಿ ಅಂಗಡಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾಳೆ. ಆ ಉಪಾಯ ತನ್ನದೇ ಎಂದೂ ಹೇಳುತ್ತಾಳೆ. ಎದುವಿನಾಗೆ ಅದರಿಂದ ಬೇಸರವಿಲ್ಲ.

ನಿಮಗೆ ಏನು ಬೇಕು ಎಂದು ಕೇಳಿದರೆ ಅವಳು ದೊಡ್ಡದೇನನ್ನೂ ಕೇಳುವುದಿಲ್ಲ. "ಜನ ನನ್ನ ಕರೆಯೋದು ಕೊಳವೆ ಹೊತ್ತಿ ಉರಿದಾಗ, ಇಲ್ಲ ಮಗು ಆಸ್ಪತ್ರೆ ಸೇರಿದಾಗ. ಜನವರಿಯಲ್ಲಿ ಕರೀರಿ. ಬೇಸಿಗೆ, ಒಲೆ ತಣ್ಣಗಿರುತ್ತೆ, ಛಾವಣಿ ಜಾರಲ್ಲ, ಸೌದೆ ಕೊಂಡ್ರೂ ಒಣಗೋಕೆ ಬಿಸಿಲಿರುತ್ತೆ. ಅಷ್ಟು ಮಾಡಿದ್ರೆ ಸಾಕು, ಮುಂದಿನ ಜೂನ್‌ನಲ್ಲಿ ಯಾರೂ ಬಂದು ಏನೂ ಮುಚ್ಚಲ್ಲ."

ಜನವರಿಗೆ ಈಗಲೇ ಹೆಸರು ಕೊಟ್ಟವರು ಯಾರಾದರೂ ಇದ್ದಾರೆಯೇ?

"ಒಬ್ಬರಿದಾರೆ," ಎನ್ನುತ್ತಾಳೆ ಎದುವಿನಾ, ಏಣಿಯನ್ನು ಹೆಗಲಿಗೆ ಏರಿಸಿಕೊಳ್ಳುತ್ತಾ. "ದೋನ್ಯಾ ಒತೀಲಿಯಾ. ಮೊದಲ ಸೋಮವಾರ ತನಗೇ ಅಂತೆ, ಬೇರೆಯವರೆಲ್ಲ ಆಮೇಲೆ ಅಂತೆ. ಒಂದು ದಿನಕ್ಕೂ ಯಾರನ್ನೂ ಹತ್ತಿಸಿದ ಛಾವಣಿ ಅಲ್ಲ ಅದು. ಈಗ ಸರದೀಲಿ ಮುಂದೆ ಬಂದು ನಿಂತಿದೆ ನೋಡಿ."